ಮ್ಯಾಚ್ ಆಯ್ತು, ಇನ್ನು ಊರು ಬದಲಿಸಲು ದುಡ್ಡೆಲ್ಲಿಂದ?

ಪ್ರತಿ ವರ್ಷ ಮಾರ್ಚ್ ತಿಂಗಳ ಮೂರನೇ ಶುಕ್ರವಾರ ಕಳೆದ ಮೇಲೆ ನನಗೆ ಒಂದೇ ಪ್ರಶ್ನೆ ಬರಲು ಶುರುವಾಗುತ್ತದೆ. ಅವತ್ತು ಅಮೆರಿಕದಲ್ಲಿ ಮ್ಯಾಚ್ ಡೇ. ಮೆಡಿಕಲ್ ಓದಿ ಮುಗಿಸುತ್ತಿರುವವರಿಗೆ ಯಾವ ಊರಿನ ಯಾವ ಆಸ್ಪತ್ರೆಯಲ್ಲಿ ರೆಸಿಡೆನ್ಸಿ (ಪದವಿಯ ನಂತರ ಸಂಬಳ ಪಡೆಯುತ್ತಾ ಮಾಡುವ ತರಬೇತಿ) ಎಂದು ಗೊತ್ತಾಗುವ ದಿನ. ಮೊದಲು ಖುಷಿಯ ಫೋನುಗಳು. ಆಮೇಲೆ ಸ್ವಲ್ಪ ದನಿ ತಗ್ಗಿಸಿ ಕೇಳುತ್ತಾರೆ: "ಅಕ್ಕಾ, ಕಾಲೇಜು ಮೇನಲ್ಲಿ ಮುಗಿಯುತ್ತೆ. ಸಂಬಳ ಬರೋದು ಜುಲೈನಲ್ಲಿ. ಮಧ್ಯೆ ಊರು ಬದಲಿಸೋಕೆ ದುಡ್ಡು ಎಲ್ಲಿಂದ ತರಲಿ? ಇದಕ್ಕೂ ಸಾಲ ಮಾಡ್ಲಾ?"

ಮಾಡಬೇಕಾಗಿ ಬರಬಹುದು. ಆದರೆ ಮೊದಲು ಲೆಕ್ಕ, ಆಮೇಲೆ ಕೇಳುವುದು, ಸಾಲ ಕೊನೆಗೆ. ಸಾಲದ ಜಾಹೀರಾತು ಮೊದಲು ಕಣ್ಣಿಗೆ ಬೀಳುವುದರಿಂದ ಬಹಳ ಜನ ಅಲ್ಲಿಂದಲೇ ಶುರು ಮಾಡುತ್ತಾರೆ. ಆಗ ಎಷ್ಟು ಬೇಕು ಎಂದು ಯೋಚಿಸುವ ಮೊದಲೇ ಎಷ್ಟು ಸಿಗುತ್ತದೆ ಎನ್ನುವುದು ತಲೆಯಲ್ಲಿ ಕೂತುಬಿಡುತ್ತದೆ.

ಇದು ಬಡತನದ ಪ್ರಶ್ನೆ ಅಲ್ಲ, ತಾರೀಖಿನ ಪ್ರಶ್ನೆ. ರೆಸಿಡೆನ್ಸಿ ಸಾಮಾನ್ಯವಾಗಿ ಜುಲೈ 1ಕ್ಕೆ ಶುರು. ಓರಿಯೆಂಟೇಷನ್ ಜೂನ್ ಮಧ್ಯದಲ್ಲೋ ಕೊನೆಯಲ್ಲೋ ಇರುತ್ತದೆ. ಮೊದಲ ಚೆಕ್ ಜುಲೈ ಮಧ್ಯಕ್ಕೆ, ಕೆಲವು ಕಡೆ ಜುಲೈ ಕೊನೆಗೆ. ಹಾಗಾಗಿ ನೀವು ಬರೆದಿಟ್ಟುಕೊಳ್ಳಬೇಕಾದ ಮೊದಲ ಸಂಗತಿ ಖರ್ಚಲ್ಲ, ಮೊದಲ ಸಂಬಳ ಕೈಗೆ ಬೀಳುವ ದಿನ. ಕೈಯಲ್ಲಿರುವ ದುಡ್ಡು ಆ ದಿನದವರೆಗೆ ಬರಬೇಕು, ಅಷ್ಟೇ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಬಾಡಿಗೆ 1,600 ಡಾಲರ್ ಎಂದಿಟ್ಟುಕೊಳ್ಳಿ. ಮೊದಲ ತಿಂಗಳದ್ದು ಮತ್ತು ಡೆಪಾಸಿಟ್ ಸೇರಿ 3,200. ಸಾಮಾನು ಸಾಗಿಸಲು 1,500. ಜೂನ್ ಮತ್ತು ಅರ್ಧ ಜುಲೈನ ಊಟ, ಪೆಟ್ರೋಲು, ಫೋನು ಇತ್ಯಾದಿಗೆ 1,500. ರೆಸಿಡೆಂಟ್ ಆಗಿ ಕೆಲಸ ಮಾಡಲು ಬೇಕಾದ ಟ್ರೈನಿಂಗ್ ಲೈಸೆನ್ಸಿನ ಶುಲ್ಕ ಬೇರೆ. ಆರೂವರೆ ಸಾವಿರದ ಹತ್ತಿರ ಬಂತು. ನಿಮ್ಮ ಅಂಕಿ ಬೇರೆ ಇರಬಹುದು, ಆದರೆ ಹೀಗೆ ಬರೆದ ಮೇಲೆ ಅದು ಭಯ ಹುಟ್ಟಿಸುವುದಿಲ್ಲ. ಎಲ್ಲೆಲ್ಲಿ ಕಡಿಮೆ ಮಾಡಬಹುದು ಎಂದು ಕಾಣಲು ಶುರುವಾಗುತ್ತದೆ.

"ಓದೋಕೆ ಸರ್ಕಾರ ಕೊಡೋ ಫೆಡರಲ್ ಸಾಲವನ್ನೇ ಸ್ವಲ್ಪ ಜಾಸ್ತಿ ತಗೊಂಡ್ರೆ ಆಗಲ್ವಾ?" ಎಂದು ಕೇಳುತ್ತಾರೆ. ಆಗುವುದಿಲ್ಲ. ಓದುವ ಅವಧಿಯ ಖರ್ಚಿಗೆ ಕಾಲೇಜು ಒಂದು ಮಿತಿ ಹಾಕಿರುತ್ತದೆ, ಸಾಲ ಅದನ್ನು ದಾಟುವಂತಿಲ್ಲ. ಪದವಿ ಮುಗಿದ ಮೇಲೆ ಊರು ಬದಲಿಸುವ ಖರ್ಚು ಆ ಲೆಕ್ಕದೊಳಗೆ ಬರುವುದಿಲ್ಲ. ಮೇಲಾಗಿ 2025ರ ಜುಲೈನಲ್ಲಿ ಆದ ಕಾನೂನಿನ ಪ್ರಕಾರ, 2026ರ ಜುಲೈ 1ರಿಂದ ಹೊಸದಾಗಿ ಸಾಲ ಪಡೆಯುವವರಿಗೆ ಗ್ರಾಡ್ ಪ್ಲಸ್ (ಉನ್ನತ ಓದಿಗೆ ಸರ್ಕಾರ ಕೊಡುತ್ತಿದ್ದ ಹೆಚ್ಚುವರಿ ಸಾಲ) ಇಲ್ಲ. ಮೆಡಿಕಲ್ ಓದುವವರಿಗೆ ವರ್ಷಕ್ಕೆ 50,000 ಡಾಲರ್, ಒಟ್ಟು 2,00,000 ಡಾಲರ್ ಮಿತಿ. ಇನ್ನು ಮುಂದೆ ಓದುವ ಮಕ್ಕಳಿಗೆ ಕೊನೆಯ ವರ್ಷ ಇನ್ನೂ ಬಿಗಿಯಾಗುತ್ತದೆ ಎಂಬ ಚಿಂತೆ ನನಗಿದೆ.

ಈಗ ಕೇಳುವ ವಿಷಯ. ನಾನು ಎಲ್ಲರಿಗೂ ಒತ್ತಿ ಹೇಳುವುದು ಇದನ್ನೇ. ಮ್ಯಾಚ್ ಆದ ಒಂದೆರಡು ವಾರದಲ್ಲಿ ಆಸ್ಪತ್ರೆಯಲ್ಲಿ ರೆಸಿಡೆನ್ಸಿಯ ವ್ಯವಹಾರ ನೋಡಿಕೊಳ್ಳುವ ನಿಮ್ಮ ಪ್ರೋಗ್ರಾಂ ಕೋಆರ್ಡಿನೇಟರ್‌ಗೆ ಬರೆಯಿರಿ. ಮೊದಲ ಸಂಬಳ ಯಾವತ್ತು? ಓರಿಯೆಂಟೇಷನ್ ದಿನಗಳಿಗೆ ಸಂಬಳ ಇದೆಯಾ? ಊರು ಬದಲಿಸಲು ಏನಾದರೂ ಕೊಡುತ್ತೀರಾ? ಸಂಬಳದಲ್ಲಿ ಮುಂಗಡ ಸಿಗುತ್ತದಾ? ಲೈಸೆನ್ಸ್ ಶುಲ್ಕ ಯಾರು ಕಟ್ಟಬೇಕು? ಹೀಗೆ ಕೇಳಿದರೆ ನಮ್ಮ ಬಗ್ಗೆ ಏನಂದುಕೊಳ್ಳುತ್ತಾರೋ ಎಂದು ನಮ್ಮ ಮಕ್ಕಳು ಹಿಂಜರಿಯುತ್ತಾರೆ. ಏನೂ ಅಂದುಕೊಳ್ಳುವುದಿಲ್ಲ. ಮ್ಯಾಚ್ ಎರಡೂ ಕಡೆಯವರನ್ನು ಕಟ್ಟಿಹಾಕುವ ಒಪ್ಪಂದ, ಒಂದು ಇಮೇಲಿಗೆ ಸೀಟು ಹೋಗುವುದಿಲ್ಲ. ಕೋಆರ್ಡಿನೇಟರ್‌ಗಳಿಗೆ ಇವೆಲ್ಲ ಪ್ರತಿ ವರ್ಷದ ಪ್ರಶ್ನೆಗಳು. ಕೆಲವು ಆಸ್ಪತ್ರೆಗಳು ಸಾವಿರ, ಎರಡು ಸಾವಿರ ಡಾಲರ್ ಕೊಡುತ್ತವೆ, ಕೆಲವು ಏನೂ ಕೊಡುವುದಿಲ್ಲ. ಕೇಳದೆ ಗೊತ್ತಾಗುವುದು ಹೇಗೆ?

ಕೊಟ್ಟರೂ ಒಂದು ಮಾತು ನೆನಪಿರಲಿ. ಊರು ಬದಲಿಸಲು ಕೊಡುವ ಹಣವೂ ಸಂಬಳದ ಲೆಕ್ಕಕ್ಕೇ ಬರುತ್ತದೆ, ಅದಕ್ಕೂ ತೆರಿಗೆ ಹಿಡಿಯುತ್ತಾರೆ. ಹಿಂದೆ ಕೆಲಸಕ್ಕಾಗಿ ಊರು ಬದಲಿಸಿದ ಖರ್ಚಿಗೆ ತೆರಿಗೆ ವಿನಾಯಿತಿ ಇತ್ತು. 2018ರಿಂದ ಅದು ನಿಂತಿದೆ. 2025ರ ಕಾನೂನು ಅದನ್ನು ಕಾಯಂ ಆಗಿ ನಿಲ್ಲಿಸಿತು, ಸೈನ್ಯದಲ್ಲಿರುವವರಂಥ ಕೆಲವರಿಗೆ ಬಿಟ್ಟು. ಬೋನಸ್ ಥರದ ಹಣಕ್ಕೆ ಸಾಮಾನ್ಯವಾಗಿ 22% ಫೆಡರಲ್ ತೆರಿಗೆ ಹಿಡಿಯುತ್ತಾರೆ, ಪಿಂಚಣಿ ಮತ್ತು ವೃದ್ಧರ ಆರೋಗ್ಯ ವಿಮೆಯ ಯೋಜನೆಗಳಾದ ಸೋಷಿಯಲ್ ಸೆಕ್ಯೂರಿಟಿ ಮತ್ತು ಮೆಡಿಕೇರ್‌ಗೆ 7.65%. ಅಂದರೆ 2,000 ಎಂದು ಪತ್ರದಲ್ಲಿ ಇದ್ದರೆ ಕೈಗೆ ಬರುವುದು ಸುಮಾರು 1,400. ರಾಜ್ಯದ ತೆರಿಗೆ ಇದ್ದರೆ ಇನ್ನೂ ಕಡಿಮೆ. ಜೊತೆಗೆ ಅದು ಬಹಳ ಸಲ ಮೊದಲ ಸಂಬಳದ ಜೊತೆಗೇ ಬರುತ್ತದೆ. ಆದ್ದರಿಂದ ಎಷ್ಟು ಎಂದು ಕೇಳುವಾಗ ಯಾವಾಗ ಎಂದೂ ಕೇಳಿ.

ನಿಮ್ಮ ಕಾಲೇಜಿನ ಫೈನಾನ್ಶಿಯಲ್ ಏಡ್ ಆಫೀಸಿಗೂ ಒಮ್ಮೆ ಹೋಗಿ ಬನ್ನಿ. ಕೆಲವು ಕಾಲೇಜುಗಳಲ್ಲಿ ತುರ್ತು ಕೈಗಡದಂಥ ಸಣ್ಣ ನಿಧಿ ಇರುತ್ತದೆ. ಪದವಿ ಪಡೆಯುವ ಮೊದಲು ಕೇಳಿದರೆ ಮಾತ್ರ ಪ್ರಯೋಜನ.

ಖರ್ಚು ಕಡಿಮೆ ಮಾಡುವ ಅತಿ ದೊಡ್ಡ ಜಾಗ ಮನೆ. ನೀವು ಸೇರುವ ಹೊತ್ತಿಗೆ ಅದೇ ಪ್ರೋಗ್ರಾಂ ಮುಗಿಸಿದವರು ಊರು ಬಿಡುತ್ತಿರುತ್ತಾರೆ. ಅವರ ಮನೆ ಆಸ್ಪತ್ರೆಗೆ ಹತ್ತಿರ ಇರುತ್ತದೆ, ಮಂಚ, ಮೇಜು, ಸೋಫಾ ಮಾರಲು ಅವರೂ ಜನ ಹುಡುಕುತ್ತಿರುತ್ತಾರೆ. ಮನೆಯನ್ನೂ ಸಾಮಾನನ್ನೂ ಒಟ್ಟಿಗೆ ವಹಿಸಿಕೊಂಡರೆ ಇಲ್ಲಿಂದ ಟ್ರಕ್ ತುಂಬ ಹೊತ್ತೊಯ್ಯುವುದೇ ಬೇಡ. ತೊಂದರೆ ಒಂದೇ, ಅವರು ಹೋಗುವುದು ಜೂನ್ 30ಕ್ಕೆ, ನಿಮ್ಮ ಓರಿಯೆಂಟೇಷನ್ ಅದಕ್ಕೂ ಮೊದಲು. ಆ ಹತ್ತು ಹದಿನೈದು ದಿನಕ್ಕೆ ಜೊತೆಗೆ ಸೇರುವವರ ಜೊತೆ ಹಂಚಿಕೊಂಡು ಇರಿ. ಕೆಲವು ಊರುಗಳಿಗೆ ಅವುಗಳದ್ದೇ ಲೆಕ್ಕ ಇದೆ. ಬಾಸ್ಟನ್‌ನಲ್ಲಿ ಬಾಡಿಗೆ ಕರಾರು ಹೆಚ್ಚಾಗಿ ಸೆಪ್ಟೆಂಬರ್ 1ಕ್ಕೆ ಶುರುವಾಗುತ್ತದೆ, ಅಲ್ಲಿ ಎರಡು ತಿಂಗಳ ಮಟ್ಟಿಗೆ ಒಳಬಾಡಿಗೆ, ಅಂದರೆ ಸಬ್‌ಲೆಟ್ ಹುಡುಕಬೇಕಾಗಬಹುದು. ಡೆಪಾಸಿಟ್ ವಿಷಯದಲ್ಲಿ ಕಾನೂನು ತಿಳಿದಿರಲಿ. ನ್ಯೂಯಾರ್ಕ್, ಮ್ಯಾಸಚೂಸೆಟ್ಸ್‌ನಲ್ಲಿ ಒಂದು ತಿಂಗಳ ಬಾಡಿಗೆಗಿಂತ ಜಾಸ್ತಿ ಡೆಪಾಸಿಟ್ ಕೇಳುವಂತಿಲ್ಲ. ಕ್ಯಾಲಿಫೋರ್ನಿಯಾದಲ್ಲೂ 2024ರ ಜುಲೈನಿಂದ ಹೆಚ್ಚಿನ ಕಡೆ ಹಾಗೆಯೇ. ಸಂಬಳದ ಚೀಟಿ ಎಲ್ಲಿ ಎಂದು ಮಾಲೀಕರು ಕೇಳಿದರೆ ರೆಸಿಡೆನ್ಸಿಯ ಕರಾರು ಪತ್ರ ತೋರಿಸಿ, ಬಹುತೇಕರು ಒಪ್ಪುತ್ತಾರೆ.

ಸಾಗಿಸುವುದು ಇದ್ದೇ ಇದ್ದರೆ, ಯು-ಹಾಲ್ ಥರದ ಬಾಡಿಗೆ ಟ್ರಕ್‌ಗೆ ತಿಂಗಳ ಕೊನೆಯ ದಿನಗಳನ್ನು ಬಿಟ್ಟು ಬೇರೆ ದಿನ ಹಿಡಿಯಿರಿ. ಬೇಸಿಗೆಯಲ್ಲಿ ದರ ಹೆಚ್ಚು. ಪುಸ್ತಕಗಳನ್ನು ಅಂಚೆಯ ಮೀಡಿಯಾ ಮೇಲ್‌ನಲ್ಲಿ ಕಳಿಸಿದರೆ ಅಗ್ಗ.

ಇಷ್ಟಾದ ಮೇಲೂ ಅಂತರ ಉಳಿದರೆ ಸಾಲ. ಕೊನೆಯ ವರ್ಷದವರಿಗೆಂದೇ ಕೆಲವು ಖಾಸಗಿ ಸಂಸ್ಥೆಗಳು ರೆಸಿಡೆನ್ಸಿ ಅಂಡ್ ರಿಲೊಕೇಷನ್ ಲೋನ್ ಕೊಡುತ್ತವೆ. ಕ್ರೆಡಿಟ್ ಸ್ಕೋರ್ ನೋಡುತ್ತಾರೆ, ಕೆಲವೊಮ್ಮೆ ಜಾಮೀನುದಾರರು ಬೇಕು. ರೆಸಿಡೆನ್ಸಿ ಮುಗಿಯುವವರೆಗೆ ಕಂತು ಮುಂದೂಡಲು ಹೆಚ್ಚಾಗಿ ಬಿಡುತ್ತಾರೆ, ಆದರೆ ಬಡ್ಡಿ ಓಡುತ್ತಲೇ ಇರುತ್ತದೆ. 10% ಬಡ್ಡಿಯಲ್ಲಿ 20,000 ತೆಗೆದುಕೊಂಡು ಮೂರು ವರ್ಷ ಸುಮ್ನೆ ಇದ್ದರೆ ಬಡ್ಡಿಯೇ 6,000. ಅದೇ 6,000 ತೆಗೆದುಕೊಂಡರೆ 1,800. ಇದು ಫೆಡರಲ್ ಸಾಲ ಅಲ್ಲ. ಆದಾಯ ನೋಡಿ ಕಂತು ಕಡಿಮೆ ಮಾಡುವ ಯೋಜನೆಗೆ ಸೇರುವುದಿಲ್ಲ, ಸಾರ್ವಜನಿಕ ಸೇವೆಯಲ್ಲಿ 120 ಕಂತು ಕಟ್ಟಿದ ಮೇಲೆ ಸಿಗುವ ಮನ್ನಾಕ್ಕೂ ಸೇರುವುದಿಲ್ಲ. ಆದ್ದರಿಂದ ಕಾಗದದ ಮೇಲೆ ಬಂದ ಅಂಕಿಗಿಂತ ಸ್ವಲ್ಪ ಮಾತ್ರ ಜಾಸ್ತಿ ತೆಗೆದುಕೊಳ್ಳಿ. ಹಾಗೆಂದು ಇದಕ್ಕೆ ಹೆದರಿ ಎಲ್ಲವನ್ನೂ ಕ್ರೆಡಿಟ್ ಕಾರ್ಡಿಗೆ ಹಾಕಬೇಡಿ. ಅಲ್ಲಿ ಬಡ್ಡಿ 20% ದಾಟುವುದು ಮಾಮೂಲು. ಅಪ್ಪ ಅಮ್ಮ ಎರಡು ತಿಂಗಳಿಗೆ ಕೈಗಡ ಕೊಡಬಲ್ಲರಾದರೆ ಅದನ್ನೇ ಕೇಳಿ, ನಾಚಿಕೆ ಬೇಡ. ಹಳೆಯ ಫೆಡರಲ್ ಸಾಲಕ್ಕೆ ಪದವಿಯಾಗಿ ಆರು ತಿಂಗಳು ಕಂತು ಕೇಳುವುದಿಲ್ಲ, ಹಾಗಾಗಿ ಈ ಬೇಸಿಗೆಯಲ್ಲಿ ಆ ಚಿಂತೆ ಇಲ್ಲ.

ಬೇರೆ ದೇಶದಲ್ಲಿ ಎಂಬಿಬಿಎಸ್ ಮುಗಿಸಿ ಬರುವವರ ಕಷ್ಟ ಬೇರೆ. ತರಬೇತಿಗೆ ಬರುವವರಿಗೆ ಕೊಡುವ ಜೆ-1 ವೀಸಾದಲ್ಲಿ ಕೆಲಸ ಶುರುವಾಗುವ ದಿನಕ್ಕೆ 30 ದಿನ ಮೊದಲಷ್ಟೇ ಒಳಗೆ ಬರಬಹುದು. ಇಲ್ಲಿನ ಕ್ರೆಡಿಟ್ ಸ್ಕೋರ್ ಇರುವುದಿಲ್ಲ, ಈ ಸಾಲಗಳು ಸಿಗುವುದು ಕಷ್ಟ. ಅವರು ಕೋಆರ್ಡಿನೇಟರ್‌ಗೆ ಎಲ್ಲರಿಗಿಂತ ಮೊದಲು ಬರೆಯಬೇಕು, ಹಿಂದಿನ ವರ್ಷ ಹಾಗೆಯೇ ಬಂದ ರೆಸಿಡೆಂಟ್ ಯಾರೆಂದು ಕೇಳಿ ಅವರೊಡನೆ ಮಾತಾಡಬೇಕು.

ಇಲ್ಲೇ ಓದಿದವರಿಗೆ ಇನ್ನೊಂದು ವಿಷಯ. ಸಂಬಳದಿಂದ ತೆರಿಗೆ ಹಿಡಿಯುವಾಗ ವರ್ಷಪೂರ್ತಿ ಅದೇ ಸಂಬಳ ಎಂದು ಲೆಕ್ಕ ಹಾಕುತ್ತಾರೆ. ನೀವು ದುಡಿದಿರುವುದು ಅರ್ಧ ವರ್ಷ. ಹಾಗಾಗಿ ಮುಂದಿನ ವಸಂತದಲ್ಲಿ ರಿಟರ್ನ್ ಸಲ್ಲಿಸಿದಾಗ ಸಾಮಾನ್ಯವಾಗಿ ಒಂದಿಷ್ಟು ವಾಪಸ್ ಬರುತ್ತದೆ. ಅದನ್ನು ನೇರವಾಗಿ ಈ ಸಾಲಕ್ಕೆ ಹಾಕಿಬಿಡಿ.