ಒಂದೇ ಸಲ ಬರೆದ ಸಾಲು

ಸಂಜೆ ಮಗಳು ಇಂಪೊಸಿಷನ್ ಬರೆಯುತ್ತಾ ಕೂತಿದ್ದಳು. ಒಂದೇ ಸಾಲು, 50 ಸಲ. 30 ದಾಟುವಷ್ಟರಲ್ಲಿ ಅಕ್ಷರವೆಲ್ಲ ಬಲಕ್ಕೆ ವಾಲಿತ್ತು.

ನನಗೆ ಬಾರ್ಟ್ ನೆನಪಾದ. ಅಮೆರಿಕದ ಟಿವಿ ಕಾರ್ಟೂನ್ ‘ದಿ ಸಿಂಪ್ಸನ್ಸ್’ ಶುರುವಾಗುವಾಗ ಕರಿಹಲಗೆಯ ಮೇಲೆ ಒಂದೇ ಸಾಲನ್ನು ಮತ್ತೆ ಮತ್ತೆ ಬರೆಯುವ ಹುಡುಗ. 1989ರಲ್ಲಿ ಅವನಿಗೆ 10 ವರ್ಷ, ಈಗಲೂ 10. ಕೈಯಲ್ಲಿ ಬಣ್ಣ ಬಳಿಯುತ್ತಿದ್ದ ಚಿತ್ರಗಳು ಕಂಪ್ಯೂಟರಿಗೆ ಬಂದವು, ಪರದೆ ಅಗಲವಾಯಿತು. ಅವನು ಮಾತ್ರ ಅದೇ ನಾಲ್ಕನೇ ಕ್ಲಾಸು.

ಆದರೆ ದನಿ ಕೊಡುವವರಿಗೆ ವಯಸ್ಸಾಗುತ್ತೆ, ಅಲ್ವಾ? ಅವನ ಟೀಚರ್ ಮಿಸೆಸ್ ಕ್ರಬಾಪಲ್‌ಗೆ ದನಿಯಾಗಿದ್ದ ಮಾರ್ಸಿಯಾ ವಾಲೇಸ್ 2013ರ ಅಕ್ಟೋಬರಿನಲ್ಲಿ ತೀರಿಕೊಂಡರು. ನವೆಂಬರಿನಲ್ಲಿ ಬಂದ ಕಂತಿನಲ್ಲಿ ಬಾರ್ಟ್ ಹಲಗೆಯ ಮೇಲೆ ಒಂದೇ ಒಂದು ಸಲ ಬರೆದ. ನೀವಿಲ್ಲದೆ ತುಂಬಾ ಬೇಜಾರಾಗುತ್ತೆ ಮಿಸೆಸ್ ಕೆ, ಅಂತ. ಮುಖ ಸಪ್ಪಗಿತ್ತು. ಉಳಿದ ಹಲಗೆ ಪೂರ್ತಿ ಖಾಲಿ.

ಎಲ್ಲರನ್ನೂ ಗೇಲಿ ಮಾಡುವ ಕಾರ್ಯಕ್ರಮ ಅದು. ಅವತ್ತು ಆ ಜಾಗವನ್ನು ಹಾಗೇ ಖಾಲಿ ಬಿಟ್ಟಿತಲ್ಲ, ಅದಕ್ಕೇ ನನಗೆ ಅದರ ಮೇಲೆ ಇಷ್ಟು ಪ್ರೀತಿ.

ಮಗಳು ಬರೆದು ಮುಗಿಸಿ, “ಕೈ ನೋಯ್ತಿದೆ ಅಮ್ಮ” ಅಂದಳು. ನಡುಬೆರಳಿನಲ್ಲಿ ಪೆನ್ನು ಒತ್ತಿದ ಗುರುತು. ಸ್ವಲ್ಪ ಹೊತ್ತು ಸುಮ್ನೆ ಹಿಡಿದುಕೊಂಡಿದ್ದೆ.