ಮುರುಗಲ ಮರ ಮತ್ತು ಒಡೆದ ಹಿಮ್ಮಡಿ

ಕೊಪ್ಪದ ಹತ್ತಿರ ನಮ್ಮ ಅಡಿಕೆ ತೋಟದ ಅಂಚಿನಲ್ಲಿ ಒಂದು ಮುರುಗಲ (ಕೋಕಂ) ಮರ ಇದೆ. ಯಾರೂ ನೆಟ್ಟಿದ್ದಲ್ಲ. ಏಪ್ರಿಲ್-ಮೇ ಬಂದರೆ ಕೆಂಪು ಹಣ್ಣು ಉದುರುತ್ತವೆ. ಮಳೆ ಹಿಡಿಯುವ ಮೊದಲೇ ಸಿಪ್ಪೆ ಒಣಗಿಸಿಕೊಳ್ಳಬೇಕು, ಇಲ್ಲದಿದ್ದರೆ ಬೂಸ್ಟು.

ಸಿಪ್ಪೆಯ ಪಾನಕ ಎಲ್ಲರಿಗೂ ಗೊತ್ತು. ಪಿತ್ತ ಕೆರಳಿ ಮೈಮೇಲೆ ಗಂಧೆ ಎದ್ದರೆ ಅಮ್ಮ ಅದನ್ನೇ ಕುಡಿಸುತ್ತಿದ್ದರು. ಆದರೆ ನನಗೆ ಬೀಜದ ಮೇಲೆ ಪ್ರೀತಿ ಜಾಸ್ತಿ. ಬೀಜ ತೊಳೆದು, ಒಣಗಿಸಿ, ಹೊಟ್ಟು ತೆಗೆದು ಕುಟ್ಟುತ್ತೇವೆ. ಆ ಪುಡಿಯನ್ನು ನೀರಿನಲ್ಲಿ ಚೆನ್ನಾಗಿ ಕುದಿಸಿದರೆ ಎಣ್ಣೆ ಮೇಲೆ ತೇಲುತ್ತದೆ. ಸೌಟಿನಲ್ಲಿ ಎತ್ತಿ ಗೆರಟೆಗೆ ಸುರಿದರೆ, ತಣಿದ ಮೇಲೆ ಸೋಪಿನ ಹಾಗೆ ಗಟ್ಟಿ. ಅದೇ ಮುರುಗಲ ತುಪ್ಪ. ಕರಗಲು ಸುಮಾರು 40 ಡಿಗ್ರಿ ಬಿಸಿ ಬೇಕು, ಹಾಗಾಗಿ ನಮ್ಮ ಬೇಸಿಗೆಗೆ ಅದು ಜಗ್ಗುವುದಿಲ್ಲ. ಒಡೆದ ಹಿಮ್ಮಡಿಗೆ, ಚಳಿಗಾಲದ ತುಟಿಗೆ ಇದನ್ನೇ ಕರಗಿಸಿ ಹಚ್ಚುವುದು. ಈಗ ಪೇಟೆಯ ಕ್ರೀಮಿನ ಡಬ್ಬಿಗಳ ಮೇಲೂ ಕೋಕಂ ಬಟರ್ ಅಂತ ಇರುತ್ತದೆ. ಬೆಲೆ ಕೇಳಿ ಅಮ್ಮ ಸುಮ್ನೆ ನಕ್ಕರು.

ತೂಕ ಇಳಿಸುವ ಮಾತ್ರೆ ಬೇರೆ ವಿಷಯ. ಮುರುಗಲ ಮರದ ಹತ್ತಿರದ ನೆಂಟ ಉಪ್ಪಾಗೆ ಮರ. ಅದರ ಸಾರದ ಮಾತ್ರೆ ತಿಂದವರಲ್ಲಿ ಲಿವರ್ ಕೆಟ್ಟ ಪ್ರಕರಣಗಳನ್ನು ವೈದ್ಯರು ದಾಖಲಿಸಿದ್ದಾರೆ. ನಾನಂತೂ ಆ ಕಡೆ ಹೋಗುವುದಿಲ್ಲ, ಪಾನಕ ಸಾಕು.