ಮೂರು ಜಾಲಗಳ ಪೈಪೋಟಿ, ನಮ್ಮ ಕಾಲಿಗೆ ಕೆಲಸ

ನ್ಯೂಯಾರ್ಕಿನ ನೆಲದಡಿಯ ರೈಲುಜಾಲದಲ್ಲಿ, ಟೈಮ್ಸ್ ಸ್ಕ್ವೇರಿನಲ್ಲಿ, 'ಎ' ರೈಲು ಇಳಿದು 'ಕ್ಯೂ' ಹತ್ತಬೇಕಿತ್ತು. ನಕ್ಷೆಯಲ್ಲಿ ಎರಡೂ ಅಂಟಿಕೊಂಡೇ ಇವೆ. ನಡೆಯಲು ಶುರು ಮಾಡಿದರೆ ಎಂಟನೇ ಅವೆನ್ಯೂನಿಂದ ಏಳನೆಯದರವರೆಗೆ ನೆಲದಡಿ ದಾರಿ. ಆಮೇಲೆ ಮೆಟ್ಟಿಲು ಹತ್ತು, ಮತ್ತೆ ಇಳಿ. ಜುಲೈ ತಿಂಗಳು ಬೇರೆ. ರೈಲಿನೊಳಗೆ ಏಸಿ, ಪ್ಲಾಟ್‌ಫಾರ್ಮಿನಲ್ಲಿ ಬೆವರು.

ಇಷ್ಟೊಂದು ಸುತ್ತಾಟ ಯಾಕೆ ಅಂದರೆ, ಇದು ಮೊದಲಿನಿಂದ ಒಂದೇ ವ್ಯವಸ್ಥೆಯಾಗಿ ಕಟ್ಟಿದ್ದಲ್ಲ. 1904ರಲ್ಲಿ ಒಂದು ಖಾಸಗಿ ಕಂಪನಿ ಇಲ್ಲಿ ನೆಲದಡಿ ರೈಲು ಓಡಿಸಲು ಶುರು ಮಾಡಿತು. ಆಮೇಲೆ ಇನ್ನೊಂದು ಕಂಪನಿ ಬಂತು. 1932ರಲ್ಲಿ ನಗರಾಡಳಿತವೇ ಮೂರನೆಯ ಜಾಲ ತೆರೆಯಿತು. ಪಕ್ಕದವರ ನಿಲ್ದಾಣಕ್ಕೆ ಸುಲಭವಾಗಿ ಹೋಗುವ ಹಾಗೆ ಕಟ್ಟಿ ಯಾರಿಗೆ ಏನಾಗಬೇಕಿತ್ತು? 1940ರಲ್ಲಿ ನಗರವೇ ಉಳಿದೆರಡನ್ನೂ ಕೊಂಡಿತು. ಆದರೂ ಹಳೆಯ ಗೆರೆಗಳು ಹಾಗೇ ಉಳಿದಿವೆ. ಮೊದಲ ಕಂಪನಿಯ ಜಾಲದಲ್ಲಿ ಓಡುವ 1, 2, 3 ಅನ್ನುವ ಅಂಕಿಯ ರೈಲುಗಳು ಕಿರಿದು, ಉಳಿದೆರಡರ ಎ, ಕ್ಯೂ ಅನ್ನುವ ಅಕ್ಷರದ ರೈಲುಗಳು ಅಗಲ. ಅಕ್ಷರದ ರೈಲು ಅಂಕಿಯ ಸುರಂಗದಲ್ಲಿ ಹಿಡಿಸುವುದೇ ಇಲ್ಲ. ಇದು ತಿಳಿದ ಮೇಲೆ ನನಗೆ ನಕ್ಷೆ ಸ್ವಲ್ಪ ಅರ್ಥವಾಯಿತು.

ಬಣ್ಣವನ್ನು ಮಾತ್ರ ಜಾಸ್ತಿ ನಂಬಬೇಡಿ. ಎನ್, ಕ್ಯೂ, ಆರ್, ಡಬ್ಲ್ಯೂ ನಾಲ್ಕೂ ಹಳದಿ. ಮ್ಯಾನ್‌ಹಾಟನ್‌ನಲ್ಲಿ ಬ್ರಾಡ್‌ವೇ ಕೆಳಗೆ ಓಡುತ್ತವೆ ಅಂತ ಆ ಬಣ್ಣ, ಅಷ್ಟೇ. ಆಚೆ ಹೋದ ಮೇಲೆ ಒಂದೊಂದು ಒಂದೊಂದು ದಿಕ್ಕು. ನಾನು ಕೋನಿ ಐಲ್ಯಾಂಡಿಗೆ ಹೊರಟಿದ್ದೆ. ಆರ್ ಹತ್ತಿ ಕೂತರೆ ಬೇ ರಿಡ್ಜ್ ತಲುಪುತ್ತೇವೆ.

ಅವತ್ತು ಶನಿವಾರ. ಕಂಬಗಳ ಮೇಲೆಲ್ಲ ಚೀಟಿ: ಈ ರೈಲು ಈ ನಿಲ್ದಾಣದಲ್ಲಿ ನಿಲ್ಲುವುದಿಲ್ಲ, ಆ ರೈಲು ಬೇರೆ ಹಳಿಯಲ್ಲಿ ಬರುತ್ತದೆ. ಇಲ್ಲಿ ರೈಲು ದಿನದ 24 ಗಂಟೆಯೂ ಓಡುತ್ತದಲ್ಲ, ರಿಪೇರಿಗೆ ರಾತ್ರಿಯನ್ನೋ ವಾರಾಂತ್ಯವನ್ನೋ ಹಿಡಿಯಲೇಬೇಕು. ಚೀಟಿ ಓದುತ್ತಾ ನಿಂತಿದ್ದ ನನ್ನನ್ನು ನೋಡಿ ಒಬ್ಬ ಹೆಂಗಸು, ನಾನು ಕೇಳುವ ಮೊದಲೇ, "ಎಲ್ಲಿಗೆ?" ಅಂದರು. ಹೇಳಿದೆ. "ಕ್ಯೂ ಸರಿ, ಹತ್ತಿ" ಅಂದು ಹೋಗಿಯೇಬಿಟ್ಟರು. ಈ ಊರಿನವರು ಒರಟರು ಅನ್ನುವ ಮಾತು ನನಗೆ ಒಪ್ಪಿಗೆಯಿಲ್ಲ. ಅವಸರದವರು, ನಿಜ.

ರೈಲು ಬಂತು. ಎಲ್ಲ ಬೋಗಿಯೂ ಭರ್ತಿ, ಒಂದು ಮಾತ್ರ ಖಾಲಿ. ಅದಕ್ಕೆ ನುಗ್ಗಬಾರದು ಅಂತ ಮೊದಲೇ ಕೇಳಿದ್ದೆ. ಒಂದೋ ಏಸಿ ಕೆಟ್ಟಿರುತ್ತದೆ, ಇಲ್ಲಾ ಒಳಗೆ ಗಬ್ಬು ನಾತ. ನಡುವಿನ ಬೋಗಿಯ ಕಿಟಕಿಯಿಂದ ಕಂಡಕ್ಟರ್ ಕೈ ಹೊರಹಾಕಿ, ಎದುರಿನ ಕಪ್ಪು-ಬಿಳಿ ಪಟ್ಟೆಯ ಹಲಗೆಯತ್ತ ಬೆರಳು ತೋರಿಸಿದರು. ರೈಲು ಸರಿಯಾದ ಜಾಗದಲ್ಲಿ ನಿಂತಿದೆ ಅಂತ ನೋಡಿದ್ದಕ್ಕೆ ಅದು ಗುರುತು. ಬೆರಳು ತೋರಿಸಿದ ಮೇಲೆಯೇ ಬಾಗಿಲು ತೆರೆಯಬೇಕು, ಪ್ರತಿ ನಿಲ್ದಾಣದಲ್ಲೂ.

ಕೆನಾಲ್ ಸ್ಟ್ರೀಟ್ ದಾಟಿದ ಮೇಲೆ ರೈಲು ಸುರಂಗ ಬಿಟ್ಟು ಮ್ಯಾನ್‌ಹಾಟನ್ ಸೇತುವೆ ಏರಿತು. ಬಲಗಡೆ ಕಿಟಕಿಯಲ್ಲಿ ಬ್ರೂಕ್ಲಿನ್ ಸೇತುವೆ. ಫೋನ್ ಎತ್ತಿದ್ದು ನಾನೊಬ್ಬನೇ. ಉಳಿದವರು ತಲೆ ಎತ್ತಲಿಲ್ಲ.